ಕೈ ಹೋಗುವಷ್ಟು ಕಿಂಡಿ

ಸೋಮವಾರ ಬೆಳಿಗ್ಗೆ ಆರಕ್ಕೆ ಶೆಡ್ಡಿನ ಶಟರ್ ಎತ್ತಿದಾಗ ಎದುರಿಗೆ ಒಂದು ಹಳೇ ಜೀಪು ನಿಂತಿತ್ತು. ಅದರ ಮುಂದಿನ ಬಂಪರು ಒಂದು ಕಡೆ ಬೋಲ್ಟಿನಿಂದ, ಇನ್ನೊಂದು ಕಡೆ ನೈಲಾನ್ ಹಗ್ಗದಿಂದ ನೇತಾಡುತ್ತಿತ್ತು. ಜೀಪಿಗೆ ಒರಗಿಕೊಂಡು ಒಬ್ಬ ಉದ್ದನೆಯ ಮನುಷ್ಯ ನಿಂತಲ್ಲೇ ನಿದ್ದೆ ಮಾಡುತ್ತಿದ್ದ.

ಬೆಳಗಿನ ಹೊತ್ತು ಮಾತಾಡುವುದೆಂದರೆ ನನಗೆ ಆಗದು. ಅದರ ಮೇಲೆ ಕೆಟ್ಟ ವೆಲ್ಡಿಂಗ್ ಕಣ್ಣಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತದೆ. ಬಗ್ಗಿ ನೋಡಿದೆ. ಪೈಪಿಗೆ ಪಟ್ಟಿ ಸೇರಿಸಿದ ಜಾಗದಲ್ಲಿ ಕಬ್ಬಿಣ ಕರಗಿ ಒಂದಾಗಿರಲಿಲ್ಲ. ಗೋಡೆಗೆ ಅಂಟಿಸಿದ ಚ್ಯೂಯಿಂಗ್ ಗಮ್ಮಿನ ಹಾಗೆ ಮೇಲೆ ಮೇಲೆ ಕೂತಿತ್ತು.

"ಯಾವ ಮಹಾನುಭಾವ ಮಾಡಿದ್ದು ಇದನ್ನ?" ಅಂದೆ. ಅವನಿಗೆ ಎಚ್ಚರವಾಯಿತು. "ಅವನ ಕೈಗೆ ವೆಲ್ಡಿಂಗ್ ಮೆಷಿನ್ ಕೊಟ್ಟೋರು ಯಾರು? ಹಕ್ಕಿ ಹಿಕ್ಕೆ ಹಾಕಿದ್ರೂ ಇದಕ್ಕಿಂತ ನೇರವಾಗಿ ಬೀಳುತ್ತೆ. ಇನ್ನೊಂದು ಸಲ ಅವನ ಹತ್ರ ಹೋಗ್ಬೇಡಿ, ನಿಮ್ಮ ದಮ್ಮಯ್ಯ."

"ಅವನನ್ನ ಬಿಟ್ಟು ಹೇಗೆ ಹೋಗ್ಲಿ?" ಅಂದ, ಕಣ್ಣುಜ್ಜಿಕೊಳ್ಳುತ್ತ. "ನಾನೇ ಮಾಡಿದ್ದು."

ನಾಲಿಗೆ ಕಚ್ಚಿಕೊಂಡೆ. ಒಳಗಿನಿಂದ ಅಪ್ಪನ ನಗು ಕೇಳಿಸಿತು.

"ಮಗಳೇ, ಗಿರಾಕೀನ ಒಳಗೆ ಕರೆದು ಬೈಯಮ್ಮ. ಬೀದೀಲಿ ಬೇಡ."

ಮೊಣಕಾಲು ಕೈಕೊಟ್ಟು, ಕಣ್ಣು ಮಂಜಾಗಿ, ಅಪ್ಪ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಹಿಡಿದು ನಾಲ್ಕು ವರ್ಷವಾಗಿತ್ತು. ನೆರಳು ಬಿಟ್ಟು ಬೇರೇನೂ ಅವರಿಗೆ ಕಾಣುವುದಿಲ್ಲ. ಆದರೆ ಸದ್ದು ಕೇಳಿಯೇ ಯಾವ ವೆಲ್ಡಿಂಗ್ ಗಟ್ಟಿ, ಯಾವುದು ಟೊಳ್ಳು ಎಂದು ಹೇಳಿಬಿಡುತ್ತಾರೆ.

ಆ ಮನುಷ್ಯ ದನದ ಡಾಕ್ಟರು. ಇನ್ನು ಮೂರು ವಾರದಲ್ಲಿ ಬೇರೆ ಕಡೆಗೆ ಎರಡು ವರ್ಷದ ಪೋಸ್ಟಿಂಗು. ಅಲ್ಲಿ ರಸ್ತೆಯೇ ಇಲ್ಲವಂತೆ, ಒಣಗಿದ ಹೊಳೆಯ ಮರಳಿನಲ್ಲೇ ಓಡಾಟವಂತೆ. ಮೊನ್ನೆ ಜೀಪು ಕೆಸರಲ್ಲಿ ಹೂತಾಗ ಟ್ರ್ಯಾಕ್ಟರಿನವನು ಬಂಪರಿಗೆ ಸರಪಳಿ ಹಾಕಿ ಎಳೆದಿದ್ದ. ಬಂಪರು ಬಂದಿತ್ತು, ಜೀಪು ಅಲ್ಲೇ ಇತ್ತು.

"ರೆಡಿಮೇಡ್ ಹಾಕಿಸ್ಕೊಳ್ಳಿ," ಅಂದೆ.

"ಈ ಜೀಪಿಗೆ ಯಾರೂ ಮಾಡಲ್ಲ. ಕಂಪನಿ ಮುಚ್ಚಿ ಹದಿನೈದು ವರ್ಷ ಆಯ್ತು."

"ಸರಿ, ಬಿಟ್ಟು ಹೋಗಿ. ಮಾಡಿ ಇಟ್ಟಿರ್ತೀನಿ."

"ಮಾಡ್ಕೊಡೋದು ಬೇಡ." ಅವನು ಸಂಕೋಚದಿಂದ ತಲೆ ಕೆರೆದುಕೊಂಡ. "ಕಲಿಸ್ಕೊಡಿ. ಅಲ್ಲಿ ಮುರಿದ್ರೆ ನಾನೇ ಸರಿಮಾಡ್ಕೋಬೇಕು. ನೂರು ಕಿಲೋಮೀಟರಿಗೆ ಒಬ್ಬ ವೆಲ್ಡರ್ ಇಲ್ಲ. ಬೆಳಿಗ್ಗೆ ಆರರಿಂದ ಎಂಟು. ಆಮೇಲೆ ನಿಮ್ಮ ಕೆಲಸಕ್ಕೆ ಅಡ್ಡ ಬರಲ್ಲ."

ಬೇಡ ಎನ್ನಬೇಕಿತ್ತು. ನನ್ನ ದಿನವೆಂದರೆ ಗೇಟು, ಕಿಟಕಿ ಗ್ರಿಲ್ಲು, ಅಪ್ಪನ ಮಾತ್ರೆ, ಮತ್ತೆ ಗೇಟು. ಹದಿನೆಂಟು ವರ್ಷದಿಂದ ಇದೇ. ಸಂಜೆ ಕೈಯೆತ್ತಿ ತಲೆ ಬಾಚಿಕೊಳ್ಳಲೂ ತ್ರಾಣ ಇರುತ್ತಿರಲಿಲ್ಲ. ಆದರೆ ಬೇಡ ಎನ್ನುವುದಕ್ಕೂ ಶಕ್ತಿ ಬೇಕಲ್ಲ. ಅಂದು ಬೆಳಿಗ್ಗೆ ಅದೂ ನನ್ನಲ್ಲಿ ಇರಲಿಲ್ಲ.

"ನಾಳೆಯಿಂದ ಬನ್ನಿ," ಅಂದೆ. "ಮೊದಲು ಆ ಹಗ್ಗ ಬಿಚ್ಚಿ. ನೋಡೋಕೆ ಆಗ್ತಿಲ್ಲ."

*

ಮೊದಲ ನಾಲ್ಕು ದಿನ ಕಬ್ಬಿಣ ಮುಟ್ಟಲು ಬಿಡಲಿಲ್ಲ. ಫ್ರಿಜ್ಜು ಬಂದ ಒಂದು ದೊಡ್ಡ ರಟ್ಟಿನ ಡಬ್ಬ ಮೂಲೆಯಲ್ಲಿತ್ತು. ಅದನ್ನೇ ಕತ್ತರಿಸಿ, ಟೇಪು ಹಚ್ಚಿ, ಜೀಪಿನ ಮೂತಿಗೆ ರಟ್ಟಿನ ಬಂಪರು ಮಾಡಿಸಿದೆ. ರಟ್ಟಿನಲ್ಲಿ ತಪ್ಪಿದರೆ ಕತ್ತರಿ ಸಾಕು. ಐದು ಎಂಎಂ ಪ್ಲೇಟಿನಲ್ಲಿ ತಪ್ಪಿದರೆ ಸೊಂಟ ಹೋಗುತ್ತದೆ.

ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನಾಲಿಗೆ ತುದಿ ಹಲ್ಲಲ್ಲಿ ಕಚ್ಚಿ ಹಿಡಿದು, ಗೆರೆ ಎಳೆಯುತ್ತಿದ್ದ. ತುಂಬ ದೊಡ್ಡ ಕೈ. ಪೆನ್ಸಿಲ್ಲು ಅದರಲ್ಲಿ ಕಡ್ಡಿಪೆಟ್ಟಿಗೆಯ ಕಡ್ಡಿಯಂತೆ ಕಾಣುತ್ತಿತ್ತು.

"ಇಷ್ಟು ದೊಡ್ಡ ಕೈ ಇಟ್ಕೊಂಡು ಸೂಜಿ ಹೇಗೆ ಹಿಡೀತೀರ?"

"ಸೂಜಿಗೆ ಕಷ್ಟ. ಕರು ಅಡ್ಡ ಸಿಕ್ಕಿಕೊಂಡಾಗ ಒಳಗೆ ಕೈ ಹಾಕೋಕೆ ಅನುಕೂಲ," ಅಂದ. "ಭುಜದವರೆಗೂ ಹೋಗುತ್ತೆ."

"ರಾಮ ರಾಮ. ಅದೇ ಕೈಯಲ್ಲಿ ನನ್ನ ಟೀ ಲೋಟ ಹಿಡಿದಿದೀರ?"

"ತೊಳ್ಕೊಂಡಿದೀನಿ, ಮೇಷ್ಟ್ರೇ!"

ಮೇಷ್ಟ್ರೇ ಎಂದು ಕರೆದದ್ದು ಅದೇ ಮೊದಲು. ಅಪ್ಪ ಕುರ್ಚಿಯಲ್ಲಿ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಿತ್ತು.

ಎರಡನೇ ವಾರ ಪ್ಲೇಟು ಕತ್ತರಿಸಿದೆವು. ಜೀಪಿನ ಮೇಲೆ ವೆಲ್ಡಿಂಗ್ ಶುರುಮಾಡುವ ಮುಂಚೆ ಬ್ಯಾಟರಿ ವೈರು ತೆಗೆಯಬೇಕೆಂದು ಮೂರು ಸಲ ಹೇಳಿದೆ. ಮೂರು ಸಲವೂ ಅವನು ಮರೆತ. ಮೊದಲು ಚುಕ್ಕಿ ಚುಕ್ಕಿ ಹಾಕಿ ಹಿಡಿಸುವುದು, ಆಮೇಲೆ ಈ ಮೂಲೆ ಸ್ವಲ್ಪ, ಆ ಮೂಲೆ ಸ್ವಲ್ಪ.

"ಒಂದೇ ಕಡೆ ಕಾಯಿಸಿದ್ರೆ ಪ್ಲೇಟು ಸೊಟ್ಟ ಆಗುತ್ತೆ," ಅಂದೆ. "ಸ್ವಲ್ಪ ಹಾಕಿ, ಬಿಡಿ. ಆರ್ಲಿ. ಮತ್ತೆ ಬನ್ನಿ."

"ನಿಮ್ಮನ್ನ ಮಾತಾಡ್ಸೋಕೂ ಇದೇ ಪದ್ಧತಿ ಅಂತ ಕಾಣುತ್ತೆ," ಅಂದ ಅವನು, ಹೆಲ್ಮೆಟ್ಟಿನ ಒಳಗಿನಿಂದ.

ಕೋಪ ಬರಬೇಕಿತ್ತು, ನಗು ಬಂತು. ಪುಣ್ಯಕ್ಕೆ ನನ್ನ ಮುಖದ ಮೇಲೂ ಹೆಲ್ಮೆಟ್ಟಿತ್ತು.

ಹೆಲ್ಮೆಟ್ಟಿನದೇ ಒಂದು ತೊಂದರೆ. ಒಳಗಿನಿಂದ ಕದ್ದು ನೋಡಿದರೆ ಯಾರಿಗೂ ಗೊತ್ತಾಗದು, ನಿಜ. ಆದರೆ ಆ ಕಪ್ಪು ಗಾಜಿನಲ್ಲಿ ಕಿಡಿ ಬಿಟ್ಟು ಏನೂ ಕಾಣದು. ಹಾಗಾಗಿ ನಾನು ನನ್ನದನ್ನು ಇಳಿಸುವುದನ್ನು ಕೊನೆಯ ಕ್ಷಣದವರೆಗೆ ತಡಮಾಡತೊಡಗಿದೆ. ಅವನ ಕತ್ತಿನ ಹಿಂದೆ ಒಂದು ಸಣ್ಣ ಸುಟ್ಟ ಗುರುತಿತ್ತು, ಬಲಗಿವಿಯ ಮೇಲೆ ನರೆ ಹತ್ತಿತ್ತು. ಒಂದು ದಿನ ಹಾಗೆ ನೋಡುತ್ತಿರುವಾಗ ಅವನು ತಟ್ಟನೆ ತಿರುಗಿದ. ಅವನ ಹೆಲ್ಮೆಟ್ಟೂ ಅರ್ಧಕ್ಕೇ ನಿಂತಿತ್ತು. ಇಬ್ಬರೂ ಒಟ್ಟಿಗೆ ಪಟಕ್ಕನೆ ಇಳಿಸಿಕೊಂಡೆವು.

"ಏನದು ಸದ್ದು?" ಅಪ್ಪ ಕೇಳಿದರು.

"ಏನಿಲ್ಲ," ಅಂದೆವು, ಇಬ್ಬರೂ.

ರಾತ್ರಿಯೆಲ್ಲ ಯಾರದೋ ಹಟ್ಟಿಯಲ್ಲಿ ಕಳೆದು ಬಂದ ದಿನ ಅವನು ಕೂತಲ್ಲೇ ತೂಕಡಿಸುತ್ತಿದ್ದ. ಒಂದು ಸಲ ಪ್ಲೇಟು ಹಿಡಿದುಕೊಂಡೇ ನಿದ್ದೆ ಹೋದ. ಎಬ್ಬಿಸಲು ಮನಸ್ಸಾಗದೆ, ಪ್ಲೇಟಿಗೆ ಕ್ಲ್ಯಾಂಪು ಹಾಕಿ, ಪಕ್ಕದ ಬಕೆಟ್ಟು ಬೋರಲು ಹಾಕಿ ನಾನೂ ಕೂತೆ. ಕಣ್ಣು ತೆರೆದಾಗ ಗಂಟೆ ಎಂಟೂವರೆ. ನನ್ನ ತಲೆ ಅವನ ತೋಳಿಗೆ ಒರಗಿತ್ತು. ಅವನು ಎಷ್ಟು ಹೊತ್ತಿನಿಂದ ಎಚ್ಚರವಾಗಿದ್ದನೋ ಏನೋ, ಅಲುಗಾಡದೆ ಕೂತಿದ್ದ.

"ಎಬ್ಬಿಸ್ಬಾರ್ದಾ?" ಅಂದೆ, ಮುಖ ಕೆಂಪಗಾಗಿ.

"ದಣಿದಿದ್ರಿ."

ಅಷ್ಟೇ ಅಂದದ್ದು. ಎಲ್ಲರೂ ನನ್ನನ್ನು ಗಟ್ಟಿಗಿತ್ತಿ ಅನ್ನುತ್ತಾರೆ. ದಣಿದಿದ್ದೀಯ ಎಂದು ಅದುವರೆಗೆ ಒಬ್ಬರೂ ಅಂದಿರಲಿಲ್ಲ.

ಅವನು ಟೀ ಲೋಟ ನನ್ನ ಕಡೆ ಸರಿಸಿದ. ಮನೆಯಲ್ಲಿ ಹೆಂಡತಿಯೆಂದು ಒಬ್ಬಳಿದ್ದಳಂತೆ ಅವನಿಗೆ. ಇವನು ಹಟ್ಟಿಯಿಂದ ಬರುವ ಹೊತ್ತಿಗೆ ದಿನವೂ ಮಲಗಿರುತ್ತಿದ್ದಳಂತೆ, ಒಂದು ದಿನ ಬಂದಾಗ ಇರಲಿಲ್ಲವಂತೆ. ಆರು ವರ್ಷದ ಹಿಂದಿನ ಮಾತು.

"ಅವಳದೇನೂ ತಪ್ಪಿಲ್ಲ," ಅಂದ. "ಇರು ಅಂತ ನಾನು ಒಂದು ದಿನವೂ ಹೇಳ್ಲಿಲ್ಲ. ಹೇಳ್ಬೇಕು ಅಂತಲೇ ಗೊತ್ತಿರ್ಲಿಲ್ಲ." ಆಮೇಲೆ ಕೇಳಿದ, "ನಿಮಗೇನು ಬೇಕು, ಮೇಷ್ಟ್ರೇ?"

"ನಿದ್ದೆ."

"ನಿದ್ದೆ ಬಿಟ್ಟು?"

ಎದ್ದು ಬಕೆಟ್ಟು ಮೂಲೆಗೆ ಸರಿಸಿದೆ. ಆಸೆ ಪಡುವುದೂ ಒಂದು ಕೆಲಸ. ಅದನ್ನು ನಾನು ಯಾವಾಗಲೋ ಕೈಬಿಟ್ಟಿದ್ದೆ. ಆದರೆ ಅವನು ಹೋದ ಮೇಲೆ ಗ್ರಿಲ್ಲಿಗೆ ಕಂಬಿ ಕೂಡಿಸುತ್ತ ಕೂತಾಗ ಲೆಕ್ಕ ಹಾಕಿದೆ. ಹನ್ನೊಂದು ಬೆಳಗು ಉಳಿದಿದ್ದವು. ಬಂಪರು ಮುಗಿದರೆ ಜೀಪು ಹೋಗುತ್ತದೆ. ಇದು ಮುಗಿಯದಿರಲಿ ಎಂದು ಮನಸ್ಸು ಸ್ಪಷ್ಟವಾಗಿ ಹೇಳಿತು. ಬೆಚ್ಚಿಬಿದ್ದೆ. ನನ್ನ ಕೈಯಲ್ಲಿನ ಕೆಲಸ ಮುಗಿಯದಿರಲಿ ಎಂದು ನಾನು ಬಯಸಿದ್ದು ಜೀವನದಲ್ಲಿ ಅದೇ ಮೊದಲು.

*

ನಮ್ಮ ಶೆಡ್ಡಿನಲ್ಲಿ ಅಪ್ಪನ ಕಾಲದಿಂದ ಒಂದು ನಿಯಮವಿದೆ. ಯಾವ ಪೆಟ್ಟಿಗೆಯನ್ನೂ ಮುಚ್ಚುವ ಮುಂಚೆ ಗಟ್ಟಿಯಾಗಿ ಕೇಳಿಕೊಳ್ಳಬೇಕು: ನಾಳೆ ಇದನ್ನ ಬಿಚ್ಚೋದು ಹೇಗೆ? ಬಂಪರೂ ಒಳಗೆ ಟೊಳ್ಳಾದ ಒಂದು ಕಬ್ಬಿಣದ ಪೆಟ್ಟಿಗೆಯೇ, ಅದಕ್ಕೆ ಈ ಮಾತು ಇನ್ನೂ ಮುಖ್ಯ. ಬಂಪರನ್ನು ಜೀಪಿಗೆ ಹಿಡಿಸುವ ನಟ್ಟುಗಳು ಪೆಟ್ಟಿಗೆಯ ಒಳಗೇ ಇರುತ್ತವೆ. ಕೈ ಹಾಕಲು ಒಂದು ಕಿಂಡಿ ಬಿಡದೆ ಮೇಲಿನ ಪ್ಲೇಟು ಮುಚ್ಚಿದರೆ ಮುಗಿಯಿತು, ಬಂಪರು ಜೀಪಿನಿಂದ ಬರುವುದೇ ಇಲ್ಲ. ಇದನ್ನು ಅವನಿಗೆ ಮೊದಲ ವಾರವೇ ಬಾಯಿಪಾಠ ಮಾಡಿಸಿದ್ದೆ.

ಕೊನೆಯ ಶನಿವಾರ. ಹಿಂದಿನ ದಿನ ಅಪ್ಪನಿಗೆ ಜ್ವರ, ಎರಡು ಗೇಟು ಬೇರೆ. ನನ್ನ ಕಣ್ಣು ಮರಳು ತುಂಬಿದ ಹಾಗಿತ್ತು. ಮೇಲಿನ ಪ್ಲೇಟು ಕೂರಿಸುವುದಷ್ಟೇ ಬಾಕಿ. ಅದಾದ ಮೇಲೆ ಬಂಪರು ಬಿಚ್ಚಿ, ಕೆಳಗಿಳಿಸಿ, ಹಿಂಬದಿ ವೆಲ್ಡ್ ಮಾಡಿ, ಬಣ್ಣ ಹೊಡೆದು ಮತ್ತೆ ಹಾಕಿದರೆ ಸೋಮವಾರ ಅವನು ಹೊರಡಬಹುದಿತ್ತು.

"ನೀವೇ ಮುಚ್ಚಿ, ಮೇಷ್ಟ್ರೇ," ಅಂದ. "ನಾನು ಹಿಡ್ಕೋತೀನಿ."

ಅವನು ಹಿಡಿದ, ನಾನು ಮುಚ್ಚಿದೆ. ಈ ಮೂಲೆ, ಆ ಮೂಲೆ, ಈ ಅಂಚು, ಆ ಅಂಚು. ಬಟ್ಟೆ ಒಂದೇ ಸಮನೆ ಹರಿದ ಹಾಗೆ ಸದ್ದು. ಅಂಥ ಚಂದದ ಗೆರೆ ಎಷ್ಟೋ ದಿನದಿಂದ ನನ್ನ ಕೈಯಿಂದ ಬಂದಿರಲಿಲ್ಲ.

ಅಪ್ಪ ಗೋಡೆ ಹಿಡಿದು ಎದ್ದು ಬಂದರು. ಬಂಪರಿನ ಮೇಲೆ ಕೈಯಾಡಿಸಿದರು, ಕೆಳಗೆ, ಪಕ್ಕಕ್ಕೆ, ಮತ್ತೆ ಮೇಲೆ.

"ಭೇಷ್," ಅಂದರು. ಕೈ ನಿಂತಿತು. "ಇದನ್ನ ಬಿಚ್ಚೋದು ಹೇಗೆ, ಮಗಳೇ?"

ಬಗ್ಗಿ ತಳ ನೋಡಿದೆ. ಕಿಂಡಿ ಬಿಟ್ಟಿರಲಿಲ್ಲ. ನಾಲ್ಕು ನಟ್ಟೂ ಒಳಗೆ, ಸುತ್ತ ಐದು ಎಂಎಂ ಕಬ್ಬಿಣ.

"ಅಯ್ಯೋ," ಅಂದೆ. ನೆಲದ ಮೇಲೆ ಕೂತುಬಿಟ್ಟೆ. "ಅಯ್ಯೋ ದೇವರೇ. ಹದಿನೆಂಟು ವರ್ಷ ಅಪ್ಪಾ. ಒಂದು ಸಲ, ಒಂದೇ ಒಂದು ಸಲ ನಾನು ಇಂಥ ತಪ್ಪು ಮಾಡಿಲ್ಲ." ಅಳು ತಡೆಯಲಾಗಲಿಲ್ಲ. ಬಂಪರಿಗಾಗಿ ಅಳುತ್ತಿದ್ದೆನೋ, ಹದಿನೆಂಟು ವರ್ಷಕ್ಕಾಗಿಯೋ, ಸೋಮವಾರಕ್ಕಾಗಿಯೋ, ಎಲ್ಲ ಒಟ್ಟಿಗೇ ಬಂತು.

ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ತಪ್ಪು ನಿಮ್ಮದಲ್ಲ," ಅಂದ ಮೆಲ್ಲಗೆ. "ನಾನು ನೋಡಿದೆ."

"ಏನು ನೋಡಿದ್ರಿ?"

"ಕಿಂಡಿ ಇಲ್ಲ ಅಂತ. ನೀವು ಮೊದಲ ಚುಕ್ಕಿ ಹಾಕೋವಾಗ್ಲೇ ನೋಡಿದೆ."

"ನೋಡಿ?"

"ಪ್ಲೇಟು ಗಟ್ಟಿಯಾಗಿ ಹಿಡ್ಕೊಂಡೆ." ಅವನ ಮುಖ ಬಿಳಿಚಿಕೊಂಡಿತ್ತು. "ಗಾಡಿ ರೆಡಿ ಇಲ್ಲ ಅಂತ ಇನ್ನೊಂದು ವಾರ ರಜೆ ಕೇಳ್ಬಹುದು ಅಂದ್ಕೊಂಡೆ. ಇನ್ನು ಏಳು ಬೆಳಗು ಸಿಗುತ್ತೆ ಅಂತ."

ಬೇರೆ ಯಾವಳಾದರೂ ಆಗಿದ್ದರೆ ಆ ಮಾತಿಗೆ ಕರಗಿಹೋಗುತ್ತಿದ್ದಳು. ನನಗೆ ಮೂಗಿನ ತುದಿಯಲ್ಲೇ ಕೋಪ. ಎದ್ದು ನಿಂತೆ.

"ನನ್ನ ತಪ್ಪನ್ನ ನೋಡ್ಕೊಂಡು ಸುಮ್ನಿದ್ರಾ? ನನ್ನ ಕೆಲಸ ಡಾಕ್ಟ್ರೇ ಅದು! ನನಗೆ ಅಂತ ಇರೋದು ಅದೊಂದೇ! ಏಳು ಬೆಳಗು ಬೇಕಿದ್ರೆ ಬಾಯಿ ಬಿಟ್ಟು ಕೇಳ್ಬೇಕಿತ್ತು. ಅಲ್ಲಿ ಯಾರೋ ದನ ಕಟ್ಕೊಂಡು ನಿಮ್ಮ ದಾರಿ ಕಾಯ್ತಿರ್ತಾರೆ. ನನ್ನ ಕೆಟ್ಟ ಕೆಲಸದ ನೆಪ ಹೇಳಿ ನೀವು ಇಲ್ಲಿ ನಿಲ್ಲೋದು ನನಗೆ ಬೇಡ. ಹೋಗಿ. ಸೋಮವಾರ ಬನ್ನಿ, ಗಾಡಿ ತಗೊಂಡು ಹೋಗಿ."

ಅವನು ಹೆಲ್ಮೆಟ್ಟು ಗೋಡೆಗೆ ನೇತುಹಾಕಿ ಹೊರಟುಹೋದ. ಅಪ್ಪ ಕುರ್ಚಿ ತಡವಿ ಕೂತರು.

"ಚೆನ್ನಾಗಿ ಬೈದೆ," ಅಂದರು. "ಬೈದದ್ದೆಲ್ಲ ನಿಜವೇ. ಇನ್ನೊಂದು ನಿಜ ಉಳೀತು, ಅದನ್ನ ಹೇಳ್ಲಿಲ್ಲ."

"ಯಾವುದು?"

"ನನ್ನ ಕಣ್ಣು ಹೋಗಿದೆ. ಕಿವಿ ಹೋಗಿಲ್ಲ. ಮೂರು ವಾರದಿಂದ ನೀನು ಗುನುಗ್ತಾ ಕೆಲಸ ಮಾಡ್ತಿದೀಯ."

*

ಭಾನುವಾರ ಇಡೀ ದಿನ ಒಬ್ಬಳೇ ಕೆಲಸ ಮಾಡಿದೆ. ಮೇಲಿನ ಪ್ಲೇಟು ಕೀಳಲು ಮನಸ್ಸು ಬರಲಿಲ್ಲ. ಜೀಪಿನ ಕೆಳಗೆ ಅಂಗಾತ ಮಲಗಿ ಬಂಪರಿನ ತಳದಲ್ಲಿ ಎರಡು ಕಿಂಡಿ ಕೊರೆಯುವುದೆಂದು ಮಾಡಿದೆ. ಎಷ್ಟು ಅಗಲ ಎಂದು ಗುರುತು ಹಾಕಲು ಸೀಮೆಸುಣ್ಣ ತೆಗೆದುಕೊಂಡೆ. ಸಾಮಾನ್ಯವಾಗಿ ಗಂಡಸರ ಕೈ ಸಲೀಸಾಗಿ ಹೋಗುವಷ್ಟು ಬಿಡುತ್ತೇವೆ.

ಸೀಮೆಸುಣ್ಣ ಹಿಡಿದ ಕೈ ಬಹಳ ಹೊತ್ತು ಹಾಗೇ ನಿಂತಿತ್ತು. ಶನಿವಾರ ಮಾಡಿದ್ದು ದಣಿವಿನ ತಪ್ಪು. ಇವತ್ತು ಮಾಡುವುದನ್ನು ತಿಳಿದೇ ಮಾಡಬೇಕು, ಅವನಿಗೂ ತಿಳಿಯುವಂತೆ ಮಾಡಬೇಕು ಅನ್ನಿಸಿತು. ಎಡಗೈ ಮುಷ್ಟಿ ಕಟ್ಟಿ ಕಬ್ಬಿಣಕ್ಕೆ ಒತ್ತಿ, ಅದರ ಸುತ್ತಲೇ ಗೆರೆ ಎಳೆದೆ.

ಕಬ್ಬಿಣ ಕೊಯ್ಯುವ ಗ್ರೈಂಡರು ನಿಂತಾಗ ಅಪ್ಪ ಕೂಗಿದರು. "ಬೇಗ ಮುಗೀತು! ಕಿಂಡಿ ಸಣ್ಣದಾಯ್ತೇನೋ?"

"ಸರಿಯಾಗಿದೆ ಅಪ್ಪಾ."

ನಟ್ಟು ಬಿಚ್ಚಿದೆ. ಭಾರ ಇಳಿಸುವ ಚೈನ್ ಬ್ಲಾಕಿಗೆ ಕಟ್ಟಿ ಬಂಪರು ಇಳಿಸಿದೆ. ಹಿಂಬದಿ ವೆಲ್ಡ್ ಮಾಡಿದೆ. ಕಪ್ಪು ಬಣ್ಣ ಹೊಡೆದು ಬಿಸಿಲಿಗೆ ಇಟ್ಟೆ. ಸಂಜೆ ಮತ್ತೆ ಏರಿಸಿ, ಕಿಂಡಿಯಲ್ಲಿ ಕೈ ಹಾಕಿ ನಾಲ್ಕು ನಟ್ಟೂ ಬಿಗಿದೆ. ಬ್ಯಾಟರಿ ವೈರು ಹಾಕಿದೆ. ಮನೆಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ ಮಲಗಿದೆ.

ಸೋಮವಾರ ಆರಕ್ಕೆ ಅವನು ಬಂದ. ಎರಡು ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ. ಬಂಪರಿನ ಮುಂದೆ ನಿಂತು ಬಹಳ ಹೊತ್ತು ನೋಡಿದ.

"ಒಬ್ಬರೇ ಮಾಡಿದ್ರಾ?"

"ಇನ್ಯಾರು ಬರ್ತಾರೆ? ಪರೀಕ್ಷೆ ಮಾಡಿ. ನಟ್ಟು ಬಿಚ್ಚೋಕೆ ಬರುತ್ತಾ ನೋಡಿ."

ಅವನು ಮಂಡಿಯೂರಿ ಕೆಳಗೆ ಕೈ ಹಾಕಿದ. ಬೆರಳು ಹೋದವು. ಗಿಣ್ಣಿನ ಹತ್ತಿರ ಕೈ ನಿಂತಿತು. ಕೈ ತಿರುಗಿಸಿ ನೋಡಿದ, ಮಡಚಿ ನೋಡಿದ, ಎಡಗೈ ಹಾಕಿ ನೋಡಿದ.

"ಹೋಗ್ತಿಲ್ಲ, ಮೇಷ್ಟ್ರೇ."

"ಹಸುವಿಗೆ ಭುಜದವರೆಗೂ ಹೋಗುತ್ತೆ ಅಂದ್ರಿ?"

"ಹಸು ಇಷ್ಟು ಕಟುಕ ಅಲ್ಲ," ಅಂದ. ಆಮೇಲೆ ಮುಖ ಎತ್ತಿದ. ಅವನ ಕಣ್ಣಲ್ಲಿ ಏನೋ ನಿಧಾನವಾಗಿ ಬೆಳಕಾಗುತ್ತಿತ್ತು. "ಅಳತೆ ತಪ್ಪಿದೆಯಾ?"

"ನನ್ನ ಕೆಲಸದಲ್ಲಿ ಅಳತೆ ತಪ್ಪಲ್ಲ." ಬಗ್ಗಿ, ಸ್ಪ್ಯಾನರು ಹಿಡಿದ ನನ್ನ ಕೈ ಕಿಂಡಿಯೊಳಗೆ ತೂರಿಸಿದೆ. ಸಲೀಸಾಗಿ ಹೋಯಿತು. "ಅದು ನಿಮ್ಮ ಕೈಗೆ ಮಾಡಿದ್ದಲ್ಲ."

ನಮ್ಮಿಬ್ಬರ ಮುಖದ ನಡುವೆ ಒಂದು ಗೇಣು ಜಾಗವಿತ್ತು. ಹೆಲ್ಮೆಟ್ಟು ಇಬ್ಬರಿಗೂ ಇರಲಿಲ್ಲ.

"ಹೊಸ ಬಂಪರು," ಅಂದೆ. "ಸಾವಿರ ಕಿಲೋಮೀಟರು ಓಡಿದ ಮೇಲೆ ನಟ್ಟು ಸಡಿಲ ಆಗುತ್ತೆ. ಮತ್ತೆ ಬಿಗೀಬೇಕು."

"ಅಲ್ಲಿ ಯಾರದಾದ್ರೂ ಸಣ್ಣ ಕೈ ಸಿಕ್ರೆ?"

"ಒಳಗಡೆ ಒಂದು ಕಡೆ ಅಂಚು ಉಜ್ಜಿಲ್ಲ. ಎಲ್ಲಿ ಚೂಪಿದೆ ಅಂತ ನನಗೊಬ್ಬಳಿಗೇ ಗೊತ್ತು."

ಅವನು ನಕ್ಕ. ನಗುತ್ತಲೇ ಕಣ್ಣು ತುಂಬಿಕೊಂಡವು. "ಶನಿವಾರ ನಾನು ಮಾಡಿದ್ದು ತಪ್ಪು. ಕೇಳ್ಬೇಕಿತ್ತು. ಆವತ್ತೂ ಕೇಳೋಕೆ ಗೊತ್ತಾಗ್ಲಿಲ್ಲ ನನಗೆ. ಈಗ ಕೇಳ್ತೀನಿ. ನಿಮಗೇನು ಬೇಕು? ನಿದ್ದೆ ಬಿಟ್ಟು."

"ನೀವು," ಅಂದೆ. ಅಷ್ಟು ಸುಲಭದ ಮಾತು ಎಂದು ಹೇಳಿದ ಮೇಲೆ ಗೊತ್ತಾಯಿತು. "ಹೋಗ್ಬೇಡಿ ಅನ್ನಲ್ಲ. ಅಲ್ಲಿ ದನಗಳಿವೆ, ಇಲ್ಲಿ ಅಪ್ಪ ಇದ್ದಾರೆ. ಆದ್ರೆ ಬನ್ನಿ. ಮತ್ತೆ ಮತ್ತೆ ಬನ್ನಿ. ಎರಡು ವರ್ಷ ಮುಗಿದ ಮೇಲೆ ಹೋಗೋಕೆ ಅಂತ ಬರ್ಬೇಡಿ, ಇರೋಕೆ ಬನ್ನಿ."

ಅವನು ಆ ದೊಡ್ಡ ಕೈ ಚಾಚಿ, ಬಣ್ಣ ಮೆತ್ತಿದ ನನ್ನ ಕೈಯನ್ನು ಎರಡೂ ಅಂಗೈ ನಡುವೆ ಇಟ್ಟುಕೊಂಡ. ನನ್ನ ಕೈ ಪೂರ್ತಿ ಮುಚ್ಚಿಹೋಯಿತು. ಎಷ್ಟೋ ವರ್ಷದ ದಣಿವು ಆ ಒಂದು ಜಾಗದಿಂದ ಇಳಿದುಹೋಗುತ್ತಿದೆ ಅನ್ನಿಸಿತು.

"ಇಲ್ಲಿಂದ ಅಲ್ಲಿಗೆ ನಾನೂರ ಎಂಬತ್ತು ಕಿಲೋಮೀಟರು," ಅಂದ. "ಹೋಗಿ ಬಂದ್ರೆ ಒಂಬೈನೂರ ಅರವತ್ತು. ಇನ್ನು ನಲವತ್ತು ಉಳಿಯುತ್ತಲ್ಲ, ಮೇಷ್ಟ್ರೇ. ಅದಕ್ಕೇನು ಮಾಡೋದು?"

"ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಸುತ್ತಿಸಿ."

"ಅಂದ್ರೆ ಹೋದವನು ಅಲ್ಲಿ ಗಾಡಿ ಮುಟ್ಟದೆ ವಾಪಸ್ ಬರ್ಬೇಕು?"

"ಹಾಗಂತ ನಾನೆಲ್ಲಿ ಹೇಳಿದೆ? ಓಡಾಡಿ. ಬೇಗ ಬೇಗ ಸಾವಿರ ಆಗ್ಲಿ. ಬೇಗ ಬಾ." ಬನ್ನಿ ಅನ್ನುವುದು ಬಾ ಆಗಿ ಹೊರಬಿದ್ದದ್ದು ನನಗೇ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು. ಕೈ ಇನ್ನೂ ಬಿಗಿಯಾಗಿ ಹಿಡಿದ.

"ಬರ್ತೀನಿ ಕಣೇ," ಅಂದ.

ಜೀಪು ಹೊರಡುವ ಮುಂಚೆ ಒಳಗೆ ತಲೆ ಹಾಕಿ ಮೀಟರು ನೋಡಿಕೊಂಡೆ. ಬೀದಿಯ ತಿರುವಿನಲ್ಲಿ ಅವನು ಎರಡು ಸಲ ಹಾರ್ನು ಮಾಡಿದ. ಸದ್ದು ಕೇಳದಾಗುವವರೆಗೆ ನಿಂತಿದ್ದೆ. ಕಾಲು ನೋಯುತ್ತಿತ್ತು, ಸೊಂಟ ನೋಯುತ್ತಿತ್ತು, ಒಳಗೆ ಒಂದು ಗೇಟು ಕಾದಿತ್ತು. ಎಲ್ಲ ನಿನ್ನೆಯ ಹಾಗೇ ಇತ್ತು. ನಾನು ಮಾತ್ರ ಹಾಗಿರಲಿಲ್ಲ.

ಒಳಗೆ ಬಂದು ಸೀಮೆಸುಣ್ಣ ಹುಡುಕಿದೆ. ಮೀಟರಿನಲ್ಲಿದ್ದ ಅಂಕಿಗೆ ಸಾವಿರ ಕೂಡಿಸಿ, ಬಾಗಿಲ ಪಕ್ಕದ ಗೋಡೆಯ ಮೇಲೆ ಸಣ್ಣದಾಗಿ ಬರೆದೆ.

"ಗೋಡೆ ಮೇಲೆ ಏನೋ ಬರೆದ ಹಾಗಿತ್ತು?" ಅಪ್ಪ ಕೇಳಿದರು.

"ಏನಿಲ್ಲ."

ಅಪ್ಪ ಮತ್ತೆ ಅದೇ ಕೆಮ್ಮು ಕೆಮ್ಮಿದರು. ಆಮೇಲೆ ಕುರ್ಚಿಯಲ್ಲೇ ಗೋಡೆಯ ಕಡೆ ತಿರುಗಿ ಕೂತರು.

"ದೊಡ್ಡದಾಗಿ ಬರಿ," ಅಂದರು. "ನನಗೂ ಕಾಣ್ಲಿ."